ದೊಡ್ಡ ಮೇಷ್ಟ್ರ ದವಡೆ ಹಲ್ಲು ಮತ್ತು ಹೊಸ ಪಠ್ಯಕ್ರಮ

ಬೇಸಿಗೆ ರಜೆ ಮುಗಿದು ಶಾಲೆಯ ಬಾಗಿಲು ತೆರೆದ ಮೂರನೆಯ ದಿನ, ಬುಧವಾರ, ಬೆಳಿಗ್ಗೆ ಒಂಬತ್ತು ಮುಕ್ಕಾಲು ಗಂಟೆಗೆ ಇದೆಲ್ಲ ಶುರುವಾಯಿತು. ಹೊತ್ತು ಇಷ್ಟು ಖಚಿತವಾಗಿ ಹೇಗೆ ಗೊತ್ತು ಎಂದರೆ, ಆ ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದವನು ನಾನೇ. ಮೂವತ್ತೊಂದು ವರ್ಷ ಹೊಡೆದಿದ್ದೆ. ನಾನು ಓದಿದ್ದು ನಾಲ್ಕನೆಯ ತರಗತಿಯವರೆಗೆ. ಆದರೆ ಆ ಶಾಲೆಯಲ್ಲಿ ನನಗಿಂತ ಹೆಚ್ಚು ವರ್ಷ ಕಳೆದವರು ಯಾರೂ ಇರಲಿಲ್ಲ. ಬೇರೆಯವರು ಒಳಗೆ ಕೂತು ಕಲಿತರು, ನಾನು ಬಾಗಿಲಲ್ಲಿ ನಿಂತು ಕಲಿತೆ.

ಮಳೆ ಸುರಿಸಲೋ ಬೇಡವೋ ಎಂದು ಆಕಾಶ ಮುಖ ಊದಿಸಿಕೊಂಡಿತ್ತು. ಇಲಾಖೆಯ ವ್ಯಾನು ಗೇಟಿನಲ್ಲಿ ಒಂದು ಕಟ್ಟನ್ನು ಇಳಿಸಿ, ನನ್ನ ಸಹಿ ಹಾಕಿಸಿಕೊಂಡು, ಹೊಗೆ ಬಿಟ್ಟು ಹೋಯಿತು. ಕಂದು ಕಾಗದ ಸುತ್ತಿ, ನೈಲಾನ್ ಹಗ್ಗದಲ್ಲಿ ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಸುತ್ತು ಬಿಗಿದಿದ್ದರು. ಮೇಲೆ ಹಗ್ಗದಡಿಯಲ್ಲಿ ಒಂದು ಪುಸ್ತಕವನ್ನು ಮಾದರಿಗೆಂದು ಸಿಕ್ಕಿಸಿದ್ದರು. 'ಹೊಸ ಪಠ್ಯಕ್ರಮ: ಶಿಕ್ಷಕರ ಕೈಪಿಡಿ' ಎಂದು ದಪ್ಪಕ್ಷರ. ಹೊತ್ತು ತಂದು ದೊಡ್ಡ ಮೇಷ್ಟ್ರ ಮೇಜಿನ ಮೇಲಿಟ್ಟೆ.

ದೊಡ್ಡ ಮೇಷ್ಟ್ರು ಅಂದರೆ ನಮ್ಮ ಮುಖ್ಯೋಪಾಧ್ಯಾಯರು. ಕೆಟ್ಟವರಲ್ಲ. ಎತ್ತರದ ಆಳು, ಇಸ್ತ್ರಿ ಮುರಿಯದ ಅಂಗಿ, ಯಾವ ಮಗುವಿನ ಮೇಲೂ ಕೈ ಎತ್ತಿದವರಲ್ಲ. ಅವರಿಗಿದ್ದದ್ದು ಒಂದೇ ಹೆಮ್ಮೆ, ಅದು ಬಾಯಲ್ಲಿತ್ತು. ಪ್ರತಿ ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಮೆಟ್ಟಿಲ ಮೇಲೆ ನಿಂತು ಗರ್ಜಿಸುತ್ತಿದ್ದರು:

"ಐವತ್ತಾರು ವರ್ಷ! ಮೂವತ್ತೆರಡು ಹಲ್ಲು! ಒಂದಾದರೂ ಅಲುಗಿದೆಯಾ? ಇಲ್ಲ! ಯಾಕೆ?"

"ಶಿಸ್ತು ಸಾರ್!" ಎಂದು ಇನ್ನೂರು ಮಕ್ಕಳು ಕೂಗುತ್ತಿದ್ದರು. ಅವರಲ್ಲಿ ಅರ್ಧ ಜನಕ್ಕೆ ಮುಂದಿನ ಹಲ್ಲು ಬಿದ್ದು ಇನ್ನೂ ಹುಟ್ಟಿರಲಿಲ್ಲ. ಅವರು ಅಶಿಸ್ತಿನವರು ಎಂದು ನಾವೆಲ್ಲ ತಿಳಿದುಕೊಳ್ಳಬೇಕಿತ್ತು. ಗೇಟಿನೆದುರು ಮಹಡಿಯ ಮೇಲೆ ಹಲ್ಲಿನ ಡಾಕ್ಟರ ಕೋಣೆ ಇತ್ತು. ಅವರು ಒಮ್ಮೆ ಮಕ್ಕಳ ಹಲ್ಲು ನೋಡಲು ಬಂದಾಗ ದೊಡ್ಡ ಮೇಷ್ಟ್ರು ಎಲ್ಲರೆದುರು ಬಾಯಿ ತೆರೆದು, "ಮೊದಲು ಇದನ್ನ ನೋಡಿ, ಆಮೇಲೆ ಹೋಗಿ ನಿಮ್ಮ ಬಾಗಿಲು ಹಾಕ್ಕೊಳ್ಳಿ" ಅಂದಿದ್ದರು.

ಆ ಬುಧವಾರ ಅವರು ಕಟ್ಟನ್ನು ನೋಡಿ, "ಕತ್ತರಿ ತಗೊಂಬಾರಯ್ಯಾ" ಅಂದರು.

"ಕತ್ತರಿ ಬೀರುವಿನಲ್ಲಿದೆ ಸಾರ್. ಬೀಗದ ಕೈ ಲೆಕ್ಕದ ಮೇಡಂ ಹತ್ರ. ಅವರು ಬರೋದು ಹತ್ತಕ್ಕೆ."

"ಇಷ್ಟಕ್ಕೆ ಕತ್ತರಿ ಬೇರೆ ಕೇಡು" ಎಂದವರೇ ಬಗ್ಗಿ, ಹಗ್ಗವನ್ನು ದವಡೆಗೆ ಕೊಟ್ಟು ಒಂದು ಜಗ್ಗು ಜಗ್ಗಿದರು.

ಟಕ್ ಎಂದಿತು. ಹಗ್ಗ ಹರಿಯಿತು ಅಂದುಕೊಂಡೆ. ಹಗ್ಗ ಹಾಗೇ ಇತ್ತು.

ದೊಡ್ಡ ಮೇಷ್ಟ್ರು ಬಗ್ಗಿದವರು ಬಗ್ಗಿದಂತೆಯೇ ನಿಂತರು. ನಿಧಾನವಾಗಿ ಕುರ್ಚಿಯಲ್ಲಿ ಕೂತರು. ಕಣ್ಣಲ್ಲಿ ನೀರು. ಕರವಸ್ತ್ರವನ್ನು ಕೆನ್ನೆಗೆ ಒತ್ತಿ, ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದರು. "ಯಾರಿಗೂ ಹೇಳಕೂಡದು. ಆಣೆ ಮಾಡು."

ಆಣೆ ಮಾಡಿದೆ. ಮೂವತ್ತೊಂದು ವರ್ಷದಲ್ಲಿ ಅವರಿರಲಿ, ಯಾವ ದೊಡ್ಡ ಮೇಷ್ಟ್ರೂ ನನ್ನ ಕೈ ಹಿಡಿದು ಏನನ್ನೂ ಕೇಳಿರಲಿಲ್ಲ.

ಅದೇ ಹೊತ್ತಿಗೆ ಐದನೆಯ ತರಗತಿಯ ಟೀಚರ್ ಒಳಗೆ ಬಂದರು. ತಾತ್ಕಾಲಿಕ ನೇಮಕದವರು. ಎರಡು ವರ್ಷ ಮುಗಿಯುತ್ತ ಬಂದಿತ್ತು, ದೊಡ್ಡ ಮೇಷ್ಟ್ರ ವರದಿ ಹೋದರೆ ಕೆಲಸ ಕಾಯಂ. ಅಂಚೆ ಕಚೇರಿಯ ಹಿಂದಿನ ಒಂದೇ ಕೋಣೆಯಲ್ಲಿ ತಾಯಿಯ ಜೊತೆ ಇದ್ದರು. ಕಾಯಂ ಆದ ದಿನ ಎರಡು ಕೋಣೆಯ ಮನೆ ಹಿಡಿಯುವುದು ಎಂದು ತಾಯಿ ಆಗಲೇ ಮನೆಯನ್ನೂ ನೋಡಿಟ್ಟಿದ್ದರು, ಅದರ ಕಿಟಕಿಗೆ ಪರದೆಯನ್ನೂ ಹೊಲಿದಿದ್ದರು.

"ಸಾರ್, ಹೊಸ ಪುಸ್ತಕ ಬಂತಾ! ಮೇಲಿರೋದನ್ನ ನಾನು ತಗೊಂಡು ಓದ್ಲಾ?"

ದೊಡ್ಡ ಮೇಷ್ಟ್ರು ಕೈ ಬೀಸಿದರು. ಆಚೆ ಹೋಗು ಎಂದು ಬೀಸಿದ್ದು. ಟೀಚರ್ ಅದನ್ನು 'ತಗೋ' ಎಂದು ತಿಳಿದು, ಪುಸ್ತಕ ಎಳೆದುಕೊಂಡು, ಥ್ಯಾಂಕ್ಸ್ ಹೇಳಿ ಹೋದರು. ಆ ಕಟ್ಟಿನಿಂದ ಹೊರಗೆ ಬಂದದ್ದು ಅದೊಂದೇ ಪುಸ್ತಕ. ಮಿಕ್ಕದ್ದು ಬಿಗಿದಂತೆಯೇ ಇತ್ತು. ಮುಂದಿನದ್ದನ್ನು ಕೇಳುವಾಗ ಈ ಒಂದು ಮಾತು ನೆನಪಿರಲಿ.

ನಮ್ಮ ಶಾಲೆಯಲ್ಲಿ ಒಂದು ಪದ್ಧತಿ. ದೊಡ್ಡ ಮೇಷ್ಟ್ರು ಏನೇ ತಿಳಿಸಬೇಕಾದರೂ ನೋಟೀಸು ಪುಸ್ತಕದಲ್ಲಿ ಬರೆದು ನನ್ನ ಕೈಯಲ್ಲಿ ಕಳಿಸುವರು. ನಾನು ಕೋಣೆ ಕೋಣೆಗೆ ಒಯ್ಯುವೆ. ಶಿಕ್ಷಕರು ಓದಿ ಸಹಿ ಹಾಕಬೇಕು. ನೋಟೀಸನ್ನು ಯಾರೂ ಓದುತ್ತಿರಲಿಲ್ಲ, ಓದುತ್ತಿದ್ದದ್ದು ನನ್ನನ್ನು. "ಮುಖ ಹೇಗಿದೆ?" ಎಂದು ಕೇಳುವರು. ನಾನು ಹೇಳುವೆ. ಅದರ ಪ್ರಕಾರ ಅವರ ಅಭಿಪ್ರಾಯ. ನಾನು ಐವರು ದೊಡ್ಡ ಮೇಷ್ಟ್ರನ್ನು ಕಂಡಿದ್ದೇನೆ. ಎರಡನೆಯವರಿಗೆ ಹೂಗಿಡ ಎಂದರೆ ಪ್ರಾಣ, ಆಗ ಮಕ್ಕಳ ಬುದ್ಧಿ ಬೆಳೆಯುವುದು ಹೂಗಿಡದಿಂದಲೇ ಎಂದು ಎಲ್ಲ ಶಿಕ್ಷಕರೂ ನಂಬಿದ್ದರು. ಮೂರನೆಯವರಿಗೆ ಹೂ ಮೂಸಿದರೆ ಸೀನು. ಮೂರು ತಿಂಗಳಲ್ಲಿ ಗಿಡ ಒಣಗಿತು, ನಂಬಿಕೆಯೂ.

ಹತ್ತು ಗಂಟೆಗೆ ಲೆಕ್ಕದ ಮೇಡಂ ಬೀಗದ ಕೈ ಕೊಡಲು ಬಂದವರು ಕಟ್ಟನ್ನು ನೋಡಿ, "ಅಬ್ಬಾ, ಬಂತಲ್ಲ! ಹನ್ನೆರಡು ವರ್ಷದಿಂದ ಅದನ್ನೇ ಅರೆದೂ ಅರೆದೂ ಸಾಕಾಗಿತ್ತು. ಒಳ್ಳೇದೇ ಆಯ್ತು" ಅಂದಿದ್ದರು. ಬೀಗದ ಕೈ ಬಂದರೂ ದೊಡ್ಡ ಮೇಷ್ಟ್ರು ಕತ್ತರಿಯ ಸುದ್ದಿ ಎತ್ತಲಿಲ್ಲ. ಹನ್ನೊಂದಕ್ಕೆ ನಾನು ನೋಟೀಸು ಒಯ್ದೆ: 'ಸಂಜೆ ನಾಲ್ಕಕ್ಕೆ ಸಭೆ. ವಿಷಯ: ಹೊಸ ಪಠ್ಯಕ್ರಮ.'

"ಮುಖ ಹೇಗಿದೆ?" ಮೇಡಂ ಕೇಳಿದರು.

ನಾನು ಸುಳ್ಳು ಹೇಳುವವನಲ್ಲ. "ಚೆನ್ನಾಗಿಲ್ಲ."

"ಕಟ್ಟು ಬರೋಕೆ ಮುಂಚೇನೋ, ಬಂದ ಮೇಲೋ?"

"ಬಂದ ಮೇಲೆ."

ಮೇಡಂ ಸಹಿ ಹಾಕಿ ಪುಸ್ತಕ ನನಗೆ ಕೊಟ್ಟರು. ಬೆಳಗಿನ ಮಾತನ್ನು ತಾವೇ ವಾಪಸು ತೆಗೆದುಕೊಂಡರು. "ನಂಗೂ ಬೆಳಿಗ್ಗೇನೇ ಅನುಮಾನ ಇತ್ತು ನೋಡಿ" ಅಂದರು.

ಸಂಜೆಯ ಸಭೆಗೆ ಒಂಬತ್ತು ಜನ ಶಿಕ್ಷಕರು ಬಂದರು. ಮಧ್ಯದಲ್ಲಿ ದೊಡ್ಡ ಮೇಷ್ಟ್ರು, ಕೆನ್ನೆಯ ಮೇಲೆ ಕರವಸ್ತ್ರ. ಎದುರಿಗೆ ಕಟ್ಟು. ಅದರ ಕಡೆ ಕಣ್ಣು ಹೋದಾಗಲೆಲ್ಲ ಅವರ ಮುಖ ಹಿಂಡಿದ ಬಟ್ಟೆಯಾಗುತ್ತಿತ್ತು. ಬಾಯಿ ತೆರೆದರೆ ಗಾಳಿ ತಾಗಿ ಜೀವ ಹೋಗುವುದರಿಂದ ಅವರು ಹೇಳಿದ್ದು ಇಷ್ಟೇ: "ಹೂಂ. ಹೇಳಿ."

ಚರಿತ್ರೆ ಮೇಷ್ಟ್ರು ಎದ್ದರು. ಇವರು ಇಪ್ಪತ್ತೆರಡು ವರ್ಷದಿಂದ ಒಂದೇ ನೋಟ್ಸಿನಲ್ಲಿ ಪಾಠ ಮಾಡುತ್ತಿದ್ದರು. ಹಾಳೆಯ ಅಂಚಿನಲ್ಲಿ 'ಇಲ್ಲಿ ನಗಿಸುವುದು' ಎಂದು ಕೂಡ ಬರೆದುಕೊಂಡಿದ್ದರು. ಅಲ್ಲಿ ಬಂದಾಗ ನಿಲ್ಲಿಸುವರು, ಮಕ್ಕಳು ನಗುವವರೆಗೂ ಮುಂದೆ ಹೋಗುತ್ತಿರಲಿಲ್ಲ.

"ತಾವೇನೂ ಹೇಳೋದೇ ಬೇಡ ಸಾರ್. ತಮ್ಮ ಮುಖಾನೇ ಎಲ್ಲಾ ಹೇಳ್ತಿದೆ. ಈ ಹೊಸ ಪಠ್ಯಕ್ರಮ ಮಕ್ಕಳಿಗೆ ವಿಷ!"

"ಹೂಂ."

"ನಾನೂ ಅದನ್ನೇ ಹೇಳೋಣಾಂತಿದ್ದೆ" ಲೆಕ್ಕದ ಮೇಡಂ ಅಂದರು. "ಬುನಾದೀನೇ ಸರಿ ಇಲ್ಲ."

"ಯಾವ ಬುನಾದಿ?" ಎಂದು ಯಾರೂ ಕೇಳಲಿಲ್ಲ. ಒಬ್ಬೊಬ್ಬರೂ ಎದ್ದು ಒಂದೊಂದು ತಪ್ಪು ಹೇಳಿದರು. ಒಬ್ಬರು ತುಂಬಾ ಉದ್ದ ಅಂದರು, ಇನ್ನೊಬ್ಬರು ತೀರ ಚಿಕ್ಕದು ಅಂದರು. ಡ್ರಿಲ್ ಮೇಷ್ಟ್ರು ಮಾತ್ರ ಏನೂ ತೋಚದೆ ಕಟ್ಟನ್ನು ಎತ್ತಿ ನೋಡಿ, "ತುಂಬಾ ಭಾರ" ಅಂದರು. ನನಗೆ ತಿಳಿದಂತೆ ಆ ಸಭೆಯಲ್ಲಿ ಪರೀಕ್ಷೆ ಮಾಡಿ ಆಡಿದ ಮಾತು ಅದೊಂದೇ.

ಕೊನೆಗೆ ಐದನೆಯ ತರಗತಿಯ ಟೀಚರ್ ಮೆಲ್ಲಗೆ ಎದ್ದರು. "ಸಾರ್, ನಾನು ಮಧ್ಯಾಹ್ನ ಹನ್ನೆರಡು ಪುಟ ಓದಿದೆ. ಚೆನ್ನಾಗಿದೆ ಅನ್ನಿಸ್ತು. ನನ್ನ ತರಗತೀಲಿ ಶುರು ಮಾಡ್ಲಾ?"

ಎಂಟು ತಲೆಗಳು ತಿರುಗಿದವು. ಒಂದು ಸಭೆಯಲ್ಲಿ ಇದ್ದಕ್ಕಿದ್ದಂತೆ ಒಬ್ಬರು ಓದಿಕೊಂಡು ಬಂದುಬಿಟ್ಟರೆ ಉಳಿದವರಿಗೆ ಎಷ್ಟು ಮುಜುಗರ ಎಂಬುದನ್ನು ಅಂದು ಕಂಡೆ.

ಅಷ್ಟರಲ್ಲಿ ದೊಡ್ಡ ಮೇಷ್ಟ್ರ ಹಲ್ಲು ಬುಡದಿಂದ ಒಂದು ಸಲ ಮಿಡಿಯಿತು. ಸಭೆ ಮುಗಿದರೆ ಸಾಕೆಂದು ಅವರು ಜೋರಾಗಿ ನಾಲ್ಕೈದು ಸಲ ತಲೆ ಆಡಿಸಿದರು. ಟೀಚರ್ ನೋಡಿದ್ದು ತಲೆಯನ್ನು, ಮಿಕ್ಕವರು ನೋಡಿದ್ದು ಕಣ್ಣೀರನ್ನು. ಟೀಚರ್ ಒಪ್ಪಿಗೆ ಸಿಕ್ಕಿತೆಂದು ಖುಷಿಯಿಂದ ಹೋದರು. ಮಿಕ್ಕವರು, ಪಾಪ ಸಾಹೇಬರನ್ನು ಆ ಹುಡುಗಿ ಅಳಿಸಿಬಿಟ್ಟಳು ಎಂದು ಮಾತಾಡಿಕೊಂಡು ಹೋದರು.

ಮರುದಿನದಿಂದ ಐದನೆಯ ತರಗತಿಯ ಸದ್ದು ಬದಲಾಯಿತು. ಮಕ್ಕಳು ಹಗ್ಗ ಹಿಡಿದು ಮೊಗಸಾಲೆ ಅಳೆದರು, ಕಿಟಕಿಯ ಸರಳು ಎಣಿಸಿದರು. ಆ ಪುಸ್ತಕದ ಮೊದಲ ಪುಟದ ಮೊದಲ ಸಾಲನ್ನು ಟೀಚರ್ ಕರಿಹಲಗೆಯ ಮೇಲೆ ಬರೆದಿಟ್ಟಿದ್ದರು. ಗುಡಿಸುವಾಗ ಕೂಡಿಸಿ ಕೂಡಿಸಿ ಓದಿದೆ: 'ಯಾರು ಹೇಳಿದರೂ ಸರಿ, ನೀವೇ ಒಮ್ಮೆ ಎಣಿಸಿ ನೋಡಿ.'

ಎರಡನೆಯ ವಾರ ನನ್ನನ್ನೇ ಕರೆದರು. "ತಾತ, ನಮ್ಮ ಶಾಲೆಯ ಕಥೆ ಅಂತ ಒಂದು ಪಾಠ ಇದೆ. ಹಳಬರನ್ನ ಕರೆದು ಮಕ್ಕಳ ಕೈಲಿ ಕೇಳಿಸಬೇಕಂತೆ. ನಿಮಗಿಂತ ಹಳಬರು ಯಾರಿದ್ದಾರೆ? ಬನ್ನಿ, ಕೂತ್ಕೊಳ್ಳಿ" ಎಂದು ತಮ್ಮ ಕುರ್ಚಿಯನ್ನೇ ಸರಿಸಿದರು.

ಆ ಕುರ್ಚಿಯನ್ನು ಮೂವತ್ತೊಂದು ವರ್ಷ ಒರೆಸಿದ್ದೆ, ಕೂತಿರಲಿಲ್ಲ. ಅಂಚಿನಲ್ಲಿ ಕೂತೆ. ಎರಡು ಜಡೆಯ ಒಬ್ಬ ಹುಡುಗಿ ಎದ್ದು, "ತಾತ, ನೀವು ಇದುವರೆಗೂ ಎಷ್ಟು ಸಲ ಗಂಟೆ ಹೊಡೆದಿದ್ದೀರಾ?" ಅಂದಳು.

"ಯಾರಿಗಮ್ಮ ಗೊತ್ತು?"

"ಎಣಿಸೋಣ" ಅಂದಳು. ದಿನಕ್ಕೆ ಒಂಬತ್ತು, ವರ್ಷಕ್ಕೆ ಇನ್ನೂರಿಪ್ಪತ್ತು ದಿನ, ಮೂವತ್ತೊಂದು ವರ್ಷ. ನಲವತ್ತು ಮಕ್ಕಳು ತಲೆ ಬಗ್ಗಿಸಿ ಗುಣಿಸಿದರು. ಅರವತ್ತೊಂದು ಸಾವಿರದ ಮುನ್ನೂರ ಎಂಬತ್ತು. ಹುಡುಗಿ ಅದನ್ನು ಕರಿಹಲಗೆಯ ಮೇಲೆ ಬರೆದಳು, ಎಲ್ಲರೂ ಚಪ್ಪಾಳೆ ತಟ್ಟಿದರು. ಆ ದಿನ ಊಟದ ಗಂಟೆ ಏಳು ನಿಮಿಷ ತಡವಾಯಿತು. ಹೊಡೆಯಬೇಕಾದವನು ಕುರ್ಚಿಯಲ್ಲಿದ್ದ.

ಗಂಟೆ ಯಾಕೆ ಆಗಲಿಲ್ಲ ಎಂದು ನೋಡಲು ಬಂದ ಚರಿತ್ರೆ ಮೇಷ್ಟ್ರು ಬಾಗಿಲಲ್ಲಿ ಕಲ್ಲಾದರು. "ಇದೇನ್ರೀ ಇದು! ಜವಾನ ಕುರ್ಚೀಲಿ, ಟೀಚರ್ ನೆಲದಲ್ಲಿ! ಇದೇನಾ ಹೊಸ ಪಠ್ಯಕ್ರಮ? ನಾಳೆ ಗಂಟೆ ಹೊಡೆಯೋಕೆ ನನ್ನ ಕಳಿಸ್ತೀರಾ?"

ಅವತ್ತೇ ಶಿಕ್ಷಕರ ಕೋಣೆಯಲ್ಲಿ ಒಂದು ಮನವಿ ತಯಾರಾಯಿತು. 'ನಾವು ಎಂಟು ಜನ ಅನುಭವಸ್ಥ ಶಿಕ್ಷಕರು ಹೊಸ ಪಠ್ಯಕ್ರಮವನ್ನು ಸುದೀರ್ಘವಾಗಿ ಅಧ್ಯಯನ ಮಾಡಿ, ಇದು ಶಾಲೆಯ ಶಿಸ್ತಿಗೆ ಮಾರಕವೆಂದು ಕಂಡುಕೊಂಡಿದ್ದೇವೆ.' ಎಂಟು ಸಹಿ. ಸಾಹೇಬರ ಮನಸ್ಸಿನಲ್ಲಿರುವುದನ್ನೇ ಬರೆದಿದ್ದೇವೆ ಎಂಬ ಧೈರ್ಯ.

ದೊಡ್ಡ ಮೇಷ್ಟ್ರು ಆ ಕಾಗದವನ್ನು ಎರಡು ಸಲ ಓದಿದರು. ಆಗ ಅವರ ಕೆನ್ನೆ ಬನ್ನಿನಂತೆ ಊದಿತ್ತು. ಶನಿವಾರದ ಭಾಷಣ ನಿಂತು ಎರಡು ವಾರ, ಅದರ ಬದಲು ಡ್ರಿಲ್ ಮಾಡಿಸುತ್ತಿದ್ದರು. ಎದುರು ಮಹಡಿಗೆ ಹೋದರೆ ಊರೆಲ್ಲ ನೋಡುತ್ತದೆ ಎಂದು ಲವಂಗದ ಎಣ್ಣೆಯಲ್ಲೇ ಕಾಲ ತಳ್ಳುತ್ತಿದ್ದರು. ಅದನ್ನು ನನ್ನ ಕೈಯಲ್ಲೇ ತರಿಸುತ್ತಿದ್ದರು.

"ಏನಯ್ಯಾ, ಎಂಟು ಜನಾನೂ ಓದಿಬಿಟ್ಟಿದ್ದಾರೆ. ನಾನು ಒಂದು ಪುಟಾನೂ ನೋಡಿಲ್ಲ."

"ಕಟ್ಟು ಹಾಗೇ ಇದೆ ಸಾರ್."

"ಬೇರೆ ಕಡೆಯಿಂದ ತರಿಸ್ಕೊಂಡಿರ್ತಾರೆ. ಅನುಭವಸ್ಥರು. ಸುಮ್ನೆ ಯಾರಾದ್ರೂ ಸುದೀರ್ಘ ಅಂತ ಬರೀತಾರಾ?" ಎಂದು ಸಹಿ ಹಾಕಿ ಇಲಾಖೆಗೆ ಕಳಿಸಿಬಿಟ್ಟರು. ಹೀಗೆ ಶಿಕ್ಷಕರು ಸಾಹೇಬರನ್ನು ನಂಬಿ ವಿರೋಧಿಸಿದರು, ಸಾಹೇಬರು ಶಿಕ್ಷಕರನ್ನು ನಂಬಿ ವಿರೋಧಿಸಿದರು. ಕಟ್ಟು ಮೇಜಿನ ಮೇಲೆ ತೆಪ್ಪಗೆ ಕೂತಿತ್ತು.

ಅದೇ ಮಧ್ಯಾಹ್ನ ಟೀಚರ ವರದಿಯೂ ಮೇಜಿಗೆ ಬಂತು. ಹದಿನಾಲ್ಕು ಪ್ರಶ್ನೆ. ಸಮಯಕ್ಕೆ ಬರುತ್ತಾರೆಯೇ? ಹೌದು. ಪಾಠ ಸಿದ್ಧಪಡಿಸುತ್ತಾರೆಯೇ? ಹೌದು. ಹದಿಮೂರರವರೆಗೆ ಹೌದೇ. ಹದಿನಾಲ್ಕನೆಯದು: ಸಹೋದ್ಯೋಗಿಗಳೊಂದಿಗೆ ಹೊಂದಿಕೊಂಡಿದ್ದಾರೆಯೇ?

ಚರಿತ್ರೆ ಮೇಷ್ಟ್ರು ಅಲ್ಲೇ ನಿಂತಿದ್ದರು. "ನಾನು ಯಾರ ಮೇಲೂ ಚಾಡಿ ಹೇಳೋನಲ್ಲ ಸಾರ್. ಎಂಟು ಜನ ಒಂದು ಕಡೆ, ಅವರೊಬ್ಬರು ಒಂದು ಕಡೆ. ತಾವೇ ನೋಡಿ ಬರೀರಿ."

ಹಲ್ಲು ಮತ್ತೆ ಮಿಡಿಯಿತು. ದೊಡ್ಡ ಮೇಷ್ಟ್ರು 'ಇಲ್ಲ' ಎಂದು ಬರೆದು, ಲಕೋಟೆ ಮುಚ್ಚಿ, ನನ್ನ ಕೈಗೆ ಕೊಟ್ಟರು. ಅಂಚೆ ಪೆಟ್ಟಿಗೆಗೆ ಹಾಕಿದವನು ನಾನು. ಪೆಟ್ಟಿಗೆಯ ಹಿಂದಿನ ಕೋಣೆಯ ಕಿಟಕಿಯಲ್ಲಿ ಟೀಚರ ತಾಯಿ ಕೂತಿದ್ದರು. "ವರದಿ ಹೋಯ್ತೇನಪ್ಪಾ?" ಅಂದರು.

"ಹೋಯ್ತಮ್ಮಾ."

"ನಿನ್ನ ಕೈ ತಣ್ಣಗಿರ್ಲಿ" ಅಂದರು.

ಆ ಸಂಜೆ ತಡೆಯಲಾರದೆ ನಮ್ಮ ಮನೆಯವಳಿಗೆ ಹೇಳಿಬಿಟ್ಟೆ. ಹೆಂಡತಿಗೆ ಹೇಳಿದರೆ ಆಣೆ ಮುರಿದಂತಲ್ಲ ಎಂದು ನನ್ನ ಲೆಕ್ಕ. ಅವಳು ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು. "ಹಲ್ಲು ಮುರಿದಿರೋದು ಅವರದ್ದು. ಬಾಯಿ ಮುಚ್ಕೊಂಡಿರೋದು ನೀವು. ಹೊಟ್ಟೆಗೆ ಹೊಡೆತ ಆ ಹುಡುಗಿಗೆ. ಇದೆಂಥ ನ್ಯಾಯ?"

"ಆಣೆ ಮಾಡಿದ್ದೀನಿ ಕಣೇ."

"ಮನೆಗೆ ಬರ್ತಾ ಉಪ್ಪು ತರ್ತೀನಿ ಅಂತ ಮೂವತ್ತು ವರ್ಷದಿಂದ ಆಣೆ ಮಾಡ್ತಿದ್ದೀರಾ. ಅದನ್ನ ಒಂದಿನಾನೂ ಉಳಿಸ್ಕೊಳ್ಳಲಿಲ್ಲ, ಇದನ್ನ ಉಳಿಸ್ಕೊಳ್ತಾರಂತೆ."

ಕಟ್ಟು ಬಂದ ಹತ್ತೊಂಬತ್ತನೆಯ ದಿನ, ಭಾನುವಾರ, ದೊಡ್ಡ ಮೇಷ್ಟ್ರು ಸೋತರು. ನನ್ನನ್ನು ಜೊತೆಗೆ ಕರೆದರು, ಇಬ್ಬರೂ ಪಕ್ಕದ ಊರಿಗೆ ಬಸ್ಸು ಹತ್ತಿದೆವು. ತಲೆಗೆ ಮಫ್ಲರ್ ಸುತ್ತಿಕೊಂಡಿದ್ದರು, ಆ ಸೆಕೆಯಲ್ಲಿ ಬಸ್ಸಿನವರೆಲ್ಲ ಅವರನ್ನೇ ನೋಡಿದರು. ಅಲ್ಲಿನ ಹಲ್ಲಿನ ಡಾಕ್ಟರು ಹೆಸರು ಕೇಳಿದಾಗ ದೊಡ್ಡ ಮೇಷ್ಟ್ರು ಒಂದು ಗಳಿಗೆ ಯೋಚಿಸಿ ನನ್ನ ಹೆಸರು ಬರೆಸಿದರು. ಕಡತದ ಪ್ರಕಾರ ಆ ಭಾನುವಾರ ಕಿತ್ತದ್ದು ನನ್ನ ಹಲ್ಲು. ಕಡತವನ್ನು ಅನುಮಾನಿಸುವುದು ಸರಿಯಲ್ಲ, ಆದ್ದರಿಂದ ಬರುವಾಗ ನಾನೂ ಗಟ್ಟಿ ಪದಾರ್ಥ ಏನೂ ತಿನ್ನಲಿಲ್ಲ.

ಸೋಮವಾರ ದೊಡ್ಡ ಮೇಷ್ಟ್ರು ಶಾಲೆಗೆ ಬಂದದ್ದು ನಗುತ್ತ. ನೋವು ಹೋದ ಮನುಷ್ಯ, ಗೇಟು ಕಂಡರೂ ನಗು, ಗೋಡೆ ಕಂಡರೂ ನಗು. ಕೋಣೆಗೆ ಬಂದು ಕಟ್ಟಿನ ಮೇಲೆ ಕೈಯಿಟ್ಟು ಮೃದುವಾಗಿ ತಟ್ಟಿದರು. ಕಿಟಕಿಯಿಂದ ಲೆಕ್ಕದ ಮೇಡಂ ನೋಡಿದರು. ನಾನು ಮೊದಲ ಗಂಟೆ ಹೊಡೆದು ಮುಗಿಸುವಷ್ಟರಲ್ಲಿ ಸುದ್ದಿ ಶಾಲೆಯೆಲ್ಲ ತಿರುಗಿತ್ತು.

"ತಟ್ಟಿದ್ರಂತೆ!"

"ಕಟ್ಟನ್ನೇ?"

"ಮಗು ಬೆನ್ನು ತಟ್ಟಿದ ಹಾಗೆ!"

"ಹಾಗಾದ್ರೆ ಇದರಲ್ಲೇನೋ ಇದೆ ಕಣ್ರೀ" ಎಂದರು ಚರಿತ್ರೆ ಮೇಷ್ಟ್ರು. "ನನಗೂ ಒಳಗೊಳಗೆ ಅನ್ನಿಸ್ತಾನೇ ಇತ್ತು." ಮಂಗಳವಾರ ಅವರು ತರಗತಿಯಲ್ಲಿ ಹಗ್ಗ ಹಿಡಿದು ನಿಂತದ್ದನ್ನು ಈ ಕಣ್ಣಿಂದ ನೋಡಿದ್ದೇನೆ. ಏನು ಅಳೆಯಬೇಕೆಂದು ಗೊತ್ತಾಗದೆ ತಮ್ಮ ಮೇಜನ್ನೇ ನಾಲ್ಕು ಸಲ ಅಳೆದರು. ನಾಲ್ಕು ಸಲವೂ ಬೇರೆ ಬೇರೆ ಬಂತು.

ಬುಧವಾರ ಇಲಾಖೆಯ ಅಧಿಕಾರಿ ಬಂದರು. ಮನವಿಯನ್ನು ಎದುರಿಗಿಟ್ಟುಕೊಂಡು ಹೇಳಿದರು: "ನೂರಾರು ಶಾಲೆಗೆ ಪುಸ್ತಕ ಕಳಿಸಿದ್ವಿ. ಸುದೀರ್ಘ ಅಧ್ಯಯನ ಮಾಡಿ ವಿರೋಧ ಬರೆದವರು ನೀವೊಬ್ಬರೇ. ಕಾರಣ ಕೇಳೋಣ ಅಂತ ಬಂದೆ."

"ವಿರೋಧವಾ ಸಾರ್?" ಲೆಕ್ಕದ ಮೇಡಂ ಬೆಚ್ಚಿದರು. "ಎಂಥ ಅದ್ಭುತ ಪುಸ್ತಕ! ಬುನಾದೀನೇ ಬುನಾದಿ!"

"ಮತ್ತೆ ಈ ಸಹಿ?"

"ಅದು ಸುದೀರ್ಘ ಅಧ್ಯಯನ ಸಾರ್" ಚರಿತ್ರೆ ಮೇಷ್ಟ್ರು ಅಂದರು. "ಆಮೇಲೆ ಇನ್ನೂ ಸುದೀರ್ಘವಾಗಿ ಮಾಡಿದ್ವಿ."

"ಎಲ್ಲಿ, ಆ ಪುಸ್ತಕ ಕೊಡಿ ನೋಡೋಣ."

ದೊಡ್ಡ ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಕಟ್ಟನ್ನು ಅಧಿಕಾರಿಯ ಮುಂದೆ ಸರಿಸಿದೆ. ಹಾಗೆ ಸರಿಸುವಾಗ ಹಗ್ಗದ ಸಂದಿಯಿಂದ ಬಿಳಿಯ ಚೂರೊಂದು ಮೇಜಿನ ಮೇಲೆ ಬಿತ್ತು.

"ಇದೇನು?"

"ಸೀಮೆಸುಣ್ಣ ಸಾರ್" ಅಂದರು ದೊಡ್ಡ ಮೇಷ್ಟ್ರು.

"ಹಗ್ಗದ ಮೇಲೆ ಹಲ್ಲಿನ ಗುರುತಿದೆಯಲ್ಲ?"

"ಇಲಿ ಸಾರ್."

ಅಧಿಕಾರಿ ಕಟ್ಟನ್ನೂ ನೋಡಿದರು, ಅದರ ಅಧ್ಯಯನ ಮಾಡಿದ ಎಂಟು ಮುಖಗಳನ್ನೂ ನೋಡಿದರು. ಬಹಳ ಶಾಲೆಗಳನ್ನು ಕಂಡವರು ಇರಬೇಕು. "ಪಾಠ ಎಲ್ಲಾದ್ರೂ ನಡೀತಿದೆಯಾ?" ಅಂದರು.

ಐದನೆಯ ತರಗತಿಗೆ ಕರೆದುಕೊಂಡು ಹೋದೆ. ಅಲ್ಲಿ ಒಂದು ಗಂಟೆ ಇದ್ದರು. ಹೊರಗೆ ಬಂದಾಗ ಅವರ ಕೈಯಲ್ಲಿ ಮಕ್ಕಳು ಬರೆದ ಶಾಲೆಯ ನಕ್ಷೆ ಇತ್ತು. ನನ್ನನ್ನು ನೋಡಿ, "ಅರವತ್ತೊಂದು ಸಾವಿರದ ಮುನ್ನೂರ ಎಂಬತ್ತು ನೀವೇ ಏನ್ರೀ?" ಎಂದು ನಕ್ಕರು. ಸಂದರ್ಶಕರ ಪುಸ್ತಕದಲ್ಲಿ ಬರೆದದ್ದು ಹೀಗೆ: 'ಇಂಥ ಬದಲಾವಣೆ ಮುಖ್ಯೋಪಾಧ್ಯಾಯರ ದಿಟ್ಟ ನಾಯಕತ್ವವಿಲ್ಲದೆ ಸಾಧ್ಯವಿಲ್ಲ.' ಮುಂದಿನ ತಿಂಗಳು ನಲವತ್ತು ಮುಖ್ಯೋಪಾಧ್ಯಾಯರ ಸಭೆಯಲ್ಲಿ ಮಾತಾಡಲು ದೊಡ್ಡ ಮೇಷ್ಟ್ರನ್ನು ಕರೆದೂ ಹೋದರು. ವಿಷಯ, ಶಿಕ್ಷಕರ ಮನಸ್ಸನ್ನು ಹೊಸತಿಗೆ ಒಲಿಸುವುದು ಹೇಗೆ.

ಗುರುವಾರ ಅದೇ ಇಲಾಖೆಯ ಬೇರೆ ವಿಭಾಗದಿಂದ ಒಂದು ಲಕೋಟೆ ಬಂತು. ಹದಿನಾಲ್ಕನೆಯ ಪ್ರಶ್ನೆಗೆ 'ಇಲ್ಲ' ಎಂದಿರುವುದರಿಂದ ಟೀಚರ ನೇಮಕ ಮುಂದುವರಿಯುವುದಿಲ್ಲ, ಶನಿವಾರ ಮಧ್ಯಾಹ್ನಕ್ಕೆ ಸೇವೆ ಮುಕ್ತಾಯ. ವರದಿಯಲ್ಲಿ ತಪ್ಪಿದ್ದರೆ ಕಾರಣ ಸಹಿತ ತಿದ್ದುಪಡಿ ಶನಿವಾರ ಹನ್ನೆರಡರೊಳಗೆ ತಲುಪಬೇಕು.

ದೊಡ್ಡ ಮೇಷ್ಟ್ರು ಹೌಹಾರಿದರು. ಕೆಟ್ಟವರಲ್ಲ ಅಂದೆನಲ್ಲ. ಶುಕ್ರವಾರವೆಲ್ಲ ಕಾಗದ ಮುಂದಿಟ್ಟುಕೊಂಡು ಕೂತರು. 'ಹದಿನಾಲ್ಕನೆಯ ಉತ್ತರವನ್ನು ಹೌದು ಎಂದು ಓದಿಕೊಳ್ಳಬೇಕು. ತಪ್ಪಿಗೆ ಕಾರಣ,' ಅಲ್ಲಿಗೆ ಪೆನ್ನು ನಿಂತಿತು.

"ಏನಂತ ಬರೀಲಯ್ಯಾ?"

"ಹಲ್ಲು ನೋವಿತ್ತು ಅಂತ ಬರೀರಿ ಸಾರ್."

ಅವರು ನನ್ನನ್ನು ದಿಟ್ಟಿಸಿದರು. ಆ ಕೋಣೆಯಲ್ಲಿ ಆ ಪದವನ್ನು ನಾನು ಗಟ್ಟಿಯಾಗಿ ಆಡಿದ್ದು ಅದೇ ಮೊದಲು. ಸಂಜೆ ಐದಕ್ಕೆ ಬರೆದರು: 'ತೀವ್ರ ಹಲ್ಲು ನೋವು.' ಸಹಿ ಹಾಕಿ ಲಕೋಟೆಗೆ ಹಾಕಿ ನನ್ನ ಜೇಬಿನಲ್ಲಿಟ್ಟರು. "ಇಲಾಖೇಲಿ ಯಾರು ಓದ್ತಾರೆ ಬಿಡು. ನಾಳೆ ಪ್ರಾರ್ಥನೆ ಮುಗಿದ ತಕ್ಷಣ ಬಸ್ಸಿಗೆ ಹೋಗಿ ಕೊಟ್ಟು ಬಾ."

ಶನಿವಾರ ಅರ್ಧ ದಿನದ ಶಾಲೆ, ಒಂಬತ್ತಕ್ಕೇ ಪ್ರಾರ್ಥನೆ. ಆಕಾಶ ತಿಳಿಯಾಗಿತ್ತು. ಮೂರು ವಾರದಿಂದ ನಿಂತಿದ್ದ ಭಾಷಣ ಅವರೊಳಗೆ ತುಂಬಿ ನಿಂತಿತ್ತೋ ಏನೋ. ಮೆಟ್ಟಿಲ ಮೇಲೆ ನಿಂತು ಎದೆಯುಬ್ಬಿಸಿದರು.

"ಐವತ್ತಾರು ವರ್ಷ! ಮೂವತ್ತೆರಡು ಹಲ್ಲು! ಒಂದಾದರೂ ಅಲುಗಿದೆಯಾ?"

"ಇಲ್ಲ ಸಾರ್" ಎಂದು ಕೂಗುವ ಮೊದಲೇ ಐದನೆಯ ತರಗತಿಯ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಎರಡು ಜಡೆಯ ಹುಡುಗಿ.

"ಸಾರ್, ನಾವು ಎಣಿಸಿ ನೋಡಬಹುದಾ?"

ಕೀಟಲೆಯಲ್ಲ. ಅವಳ ಇನ್ನೊಂದು ಕೈಯಲ್ಲಿ ನೋಟ್‌ಬುಕ್ಕೂ ಪೆನ್ಸಿಲೂ ಇದ್ದವು. ಅವಳ ಹಿಂದೆ ಇನ್ನೂ ಮೂವತ್ತೊಂಬತ್ತು ಪೆನ್ಸಿಲು.

ಎಂಟು ಜನ ಶಿಕ್ಷಕರು ದೊಡ್ಡ ಮೇಷ್ಟ್ರ ಮುಖ ನೋಡಿದರು, ಆಮೇಲೆ ಒಬ್ಬೊಬ್ಬರಾಗಿ ಟೀಚರ ಕಡೆ ತಿರುಗಿದರು. ಆ ಮುಖಗಳಲ್ಲಿ ಹೊಸ ಪಠ್ಯಕ್ರಮ ಮೂರನೆಯ ಸಲ ಬದಲಾಗುವುದನ್ನು ಕಂಡೆ. ಟೀಚರ್ ಮಾತ್ರ ಹುಡುಗಿಯ ಕಡೆ ನೋಡಿ, ಮೆಚ್ಚುಗೆಯಿಂದ, ತಡೆಯಲಾರದೆ ನಕ್ಕುಬಿಟ್ಟರು.

ದೊಡ್ಡ ಮೇಷ್ಟ್ರು ಬಾಯಿ ಮುಚ್ಚಿಕೊಂಡರು. ಮೆಟ್ಟಿಲಿಳಿದು ಒಳಗೆ ಹೋದರು. ಚಪ್ಪಲಿ ಮೆಟ್ಟಿ ಬಸ್ಸಿಗೆ ಹೊರಟಿದ್ದ ನನ್ನನ್ನು ಕರೆದರು. ಕೈ ಚಾಚಿದರು. ಲಕೋಟೆ ಕೊಟ್ಟೆ. ಅದನ್ನು ಮೇಜಿನ ಖಾನೆಗೆ ಹಾಕಿ ಬೀಗ ಹಾಕಿದರು.

"ಸಾರ್, ಹನ್ನೆರಡು ಗಂಟೆ..."

"ಗಂಟೆ ಹೊಡೆಯೋದು ನಿನ್ನ ಕೆಲಸ" ಅಂದರು. ದನಿ ಏರಿಸಲಿಲ್ಲ.

ಮೇಜಿನ ಮುಂದೆ ಇನ್ನಷ್ಟು ಹೊತ್ತು ನಿಂತಿದ್ದೆ. ಒಂಬತ್ತೂ ಇಪ್ಪತ್ತರ ಬಸ್ಸು ಹೋದದ್ದು ಕೇಳಿಸಿತು. ಅಧಿಕಾರಿಯ ಕಚೇರಿ ಎಲ್ಲಿದೆ ಎಂದು ನನಗೆ ಗೊತ್ತಿತ್ತು, ಲಕೋಟೆ ಇಲ್ಲದೆಯೂ ಹೋಗಿ ಬಾಯಲ್ಲೇ ಹೇಳಬಹುದಿತ್ತು. ಹತ್ತೂ ಇಪ್ಪತ್ತಕ್ಕೆ ಇನ್ನೊಂದು ಬಸ್ಸಿತ್ತು. ಅದು ಹೋದದ್ದೂ ಕೇಳಿಸಿತು.

ಟೀಚರ್ ಹೊರಡುವ ಮುನ್ನ ಕೈಪಿಡಿಯನ್ನು ವಾಪಸು ತಂದರು. ಮೂಲೆ ಮಡಿಸದೆ, ಹೊದಿಕೆ ಹಾಕಿ ಇಟ್ಟಿದ್ದರು. ದೊಡ್ಡ ಮೇಷ್ಟ್ರು ಕಿಟಕಿಯಾಚೆ ನೋಡುತ್ತ, ಅಲ್ಲಿಡಿ ಎಂದು ಕೈ ಬೀಸಿದರು. ನಾನು ಅದನ್ನು ಮೊದಲಿದ್ದಂತೆ ಹಗ್ಗದಡಿಗೆ ಸಿಕ್ಕಿಸಿದೆ.

"ತಾತ, ಹೊಸ ಟೀಚರ್ ಬಂದರೆ ಮಕ್ಕಳು ತುಂಬಾ ಪ್ರಶ್ನೆ ಕೇಳ್ತಾರೆ ಅಂತ ಹೇಳಿ. ಬೈಬೇಡಿ ಅನ್ನಿ" ಅಂದರು ನನಗೆ. ಕಾರಣ ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ನಮ್ಮ ಮನೆಯವಳಿಗೆ ಇವತ್ತಿಗೂ ಹೇಳುತ್ತೇನೆ. ಅವಳು ಇವತ್ತಿಗೂ ಮೊರ ಎತ್ತಿಕೊಂಡು ಒಳಗೆ ಹೋಗುತ್ತಾಳೆ.

ಸೋಮವಾರದಿಂದ ಐದನೆಯ ತರಗತಿ ಚರಿತ್ರೆ ಮೇಷ್ಟ್ರ ಪಾಲಿಗೆ ಬಂತು, ನಗಿಸುವ ಜಾಗಗಳ ಸಮೇತ. ಕಟ್ಟು ಬೀರುವಿನ ಮೇಲೆ ಹೋಯಿತು. ದೊಡ್ಡ ಮೇಷ್ಟ್ರು ಮುಂದಿನ ತಿಂಗಳು ನಲವತ್ತು ಜನರೆದುರು ಮಾತಾಡಿ ಚಪ್ಪಾಳೆ ಗಿಟ್ಟಿಸಿದರು. ಆದರೆ ಶನಿವಾರದ ಆ ಭಾಷಣವನ್ನು ಆಮೇಲೆ ಎಂದೂ ಮಾಡಲಿಲ್ಲ.

ಟೀಚರ್ ಹೋದದ್ದು ಆ ಶನಿವಾರವೇ, ಮಧ್ಯಾಹ್ನ ಹನ್ನೆರಡಕ್ಕೆ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ತಾಯಿ. ತಾಯಿಯ ತೋಳಿನ ಮೇಲೆ ಮಡಿಸಿದ ಪರದೆ ಇತ್ತು. ಗಂಟೆ ನಾನೇ ಹೊಡೆದೆ. ಅದು ಎಷ್ಟನೆಯದೆಂದು ಆ ಮಕ್ಕಳನ್ನು ಕೇಳಿದ್ದರೆ ಹೇಳುತ್ತಿದ್ದರು.